ಆರು, ಹತ್ತು

ಹಕ್ಕಿಯೊಂದು ನಿನ್ನೆ ಸಂಜೆಯಿಂದ ಗಾಳಿಯಲ್ಲೇ ಇದೆ.
ಸೂರ್ಯಕಾಂತಿ ಬೀಜದ ತಟ್ಟೆಗೆ ಇನ್ನೊಂದು ಗೇಣು,
ಒಂದು ರೆಕ್ಕೆ ಬಿಚ್ಚಿದೆ, ಇನ್ನೊಂದು ಬರೀ ಮಸುಕು.
ನಾಲ್ಕು ಗಂಟೆ ಹನ್ನೊಂದು ನಿಮಿಷ. ಒಳಗೆ ಎಂಟು ಡಿಗ್ರಿ,
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಅಲ್ಲಿಂದಾಚೆ ಸುದ್ದಿಯಿಲ್ಲ.

ಮನೆ ಪೂಮಾಲದಲ್ಲಿ, ಸರೋವರದ ದಂಡೆಯ ಮೇಲೆ.
ನಾನು ತಾಂಪೆರೆಯಲ್ಲಿ, ಟ್ರಾಮ್ ಡಿಪೋದ ಕಾಫಿ ಯಂತ್ರದ ಪಕ್ಕ.
ನಡುವೆ ಮುನ್ನೂರು ಕಿಲೋಮೀಟರ್ ಹಿಮ.
ಕೊಳಾಯಿಯೊಳಗಿನ ನೀರು ಗಡ್ಡೆ ಕಟ್ಟಿದರೆ ಕೊಳವೆ ಒಡೆಯುತ್ತದೆ,
ಒಡೆದದ್ದು ಗೊತ್ತಾಗುವುದು ಮಾತ್ರ ಏಪ್ರಿಲಿನಲ್ಲಿ, ಎಲ್ಲ ಕರಗಿದಾಗ.

ಇದಕ್ಕೆಂದೇ ಜಾಣ ಪ್ಲಗ್ಗೊಂದನ್ನು ತಂದಿಟ್ಟಿದ್ದೆ.
ರೂಟರಿಗೆ ಮಂಕು ಕವಿದರೆ ಕೂತಲ್ಲಿಂದಲೇ ಆರಿಸಬಹುದು, ಹತ್ತಿಸಬಹುದು;
ಡಬ್ಬಿಯ ಮೇಲೆ ನಗುವ ಹೆಂಗಸಿನ ಚಿತ್ರವಿತ್ತು.
ಬೆಳಗ್ಗೆ ಹನ್ನೊಂದು ಸಲ ಒತ್ತಿದೆ. ಹನ್ನೆರಡನೆಯ ಸಲಕ್ಕೆ
ಅತ್ತ ಯಾವುದೋ ಗಳಿಗೆಯಲ್ಲಿ ಜೀವ ಮಿಡಿದು ಮಾತು ಮುಟ್ಟಿತು:
ಆರು.
ವಿಧೇಯ ಪ್ಲಗ್ಗು. ಆರಿಸಿತು.
ಹತ್ತು, ಎಂದೆ.
ಹತ್ತು ಎಂಬ ಮಾತು ಹೋಗಬೇಕಾದ ದಾರಿಯನ್ನೇ
ಆಗಷ್ಟೇ ಮುಚ್ಚಿದ್ದೆ.
ಕೂತ ಕೊಂಬೆಯನ್ನೇ ಕಡಿದವನಿಗೆ
ಬಿದ್ದ ಸದ್ದಾದರೂ ಕೇಳುತ್ತದೆ.

ಬೀಗದ ಕೈ ಇನ್ನೊಂದಿರುವುದು ಓರ್ವೊಕ್ಕಿಯ ಹತ್ತಿರ.
ಪಕ್ಕದ ಮನೆ, ಅಂದರೆ ಏಳುನೂರು ಹೆಜ್ಜೆ.
ಬರ್ಚ್ ಮರ ಕಡಿಸಿದಂದಿನಿಂದ ಎರಡು ವರ್ಷ ಮಾತಿಲ್ಲ.
ಮರ ನನ್ನದು. ನೆರಳು ಅವಳದಾಗಿತ್ತಂತೆ.
ಮೂರು ಸಲ ಅವಳ ಹೆಸರು ತೆಗೆದು, ಫೋನು ಕೆಳಗಿಟ್ಟೆ.
ನಾಲ್ಕನೆಯ ಸಲ ರಿಂಗಾಯಿತು.
ಹ್ಞೂಂ, ಎಂದಳು. ವಿಷಯ ಹೇಳಿದೆ. ಹ್ಞೂಂ, ಎಂದಳು.

ಒದ್ದು ಓಡಿಸುವ ಹಿಮಬಂಡಿಯ ಉಕ್ಕು ಕೀರಿದ್ದು,
ಬೂಟು ಕೊಡವಿದ್ದು, ಬೀಗ ಹಟ ಹಿಡಿದದ್ದು, ಅವಳ ಏದುಸಿರು,
ಎಲ್ಲ ಕೇಳಿಸಿತು.
ಹೀಟರು ತನ್ನ ಪಾಡಿಗೆ ಉರಿಯುತ್ತಿದೆ, ಎಂದಳು. ಎಂಟು ಡಿಗ್ರಿ.
ನಾನು ನೋಡದೆ ಹೋದ ರಾತ್ರಿಯೆಲ್ಲ ಎಂಟೇ ಡಿಗ್ರಿ.

ಆ ಬಿಳಿ ಪ್ಲಗ್ಗು ಕಿತ್ತು, ರೂಟರಿನ ವೈರನ್ನು ಗೋಡೆಗೇ ಚುಚ್ಚು, ಸಾಕು.
ಸಾಲದು. ಕಿತ್ತ ಮೇಲೆ ಮೂವತ್ತು ಎಣಿಸಬೇಕು,
ಅಂಚೆ ಕಚೇರಿಯಲ್ಲಿ ನಾವು ಹಾಗೇ ಮಾಡುತ್ತಿದ್ದೆವು.
ಅದು ಆರಿ ಎರಡು ಗಂಟೆಯಾಗಿತ್ತು.
ಎಣಿಸಿ ಆಗಬೇಕಾದ್ದೇನೂ ಇರಲಿಲ್ಲ.
ನಾನು ಹೇಳಲಿಲ್ಲ.

ಒಂದು, ಎರಡು, ಎಂದು ಶುರುಮಾಡಿದಳು,
ಚೀಟಿ ಹರಿದು ಕೊಡುವವಳ ದನಿಯಲ್ಲಿ.
ಆರು, ಎಂದಳು. ಆರುವುದಕ್ಕೆ ಅಲ್ಲೇನಿತ್ತು?
ಹತ್ತು, ಎಂದಳು. ಹತ್ತಲಿಲ್ಲ.
ಹದಿನೇಳಕ್ಕೆ ನಿಂತು,
ನನ್ನ ಅಡುಗೆಮನೆಗೆ ಈಗ ಮಧ್ಯಾಹ್ನ ಬಿಸಿಲು ಬೀಳುತ್ತದೆ, ಎಂದಳು.
ದೂರೋ, ಮತ್ತೇನೋ, ತಿಳಿಯಲಿಲ್ಲ.
ಎಲ್ಲಿಗೆ ಬಂದಿದ್ದೆ?

ಹದಿನಾಲ್ಕು, ಎಂದೆ ನಾನು.

ನಲವತ್ತು ವರ್ಷ ಒಂದು ಚೀಟಿಯ ಲೆಕ್ಕ ತಪ್ಪದವಳು
ಒಂದು ಉಸಿರು ತಡೆದು,
ಹದಿನೈದು, ಎಂದಳು.

ಚಿತ್ರ ಜಗ್ಗಿ ಜಗ್ಗಿ ಬಂತು.
ಹಕ್ಕಿ ಇಲ್ಲ. ತಟ್ಟೆ ಬರಿದು.
ಹಿಮದಲ್ಲಿ ಎರಡು ಗೀಟು, ಪಕ್ಕದಲ್ಲಿ ಒಂದೇ ಕಾಲಿನ ಹೆಜ್ಜೆಗಳು.
ಅವಳು ಹೊರಗೆ ಬಂದು ಖಾಲಿ ತಟ್ಟೆಯನ್ನು ಬೆರಳಿಂದ ಒರೆಸಿ ನೋಡಿ,
ಕ್ಯಾಮೆರಾದ ಕಡೆ ತಿರುಗದೆ,
ಚೌಕಟ್ಟಿನಾಚೆ ಹೋದಳು.
ಜಾಣ ಪ್ಲಗ್ಗು ಅವಳ ಜೇಬಿನಲ್ಲೇ ಹೋಯಿತು.
ಕೇಳಲಿಲ್ಲ. ನನ್ನ ಟ್ರಾಮು ಆಗಲೇ
ನಾಲ್ಕು ನಿಮಿಷ ತಡವಾಗಿತ್ತು.